ನಲ್ಲಿಯಲ್ಲಿ ಬಿಸಿನೀರು ಬರ್ತಿದೆ, ರೇಡಿಯೇಟರ್ ಒಂದೂ ಕಾಯ್ತಿಲ್ಲ. ಬಾಯ್ಲರ್‌ನ ಸರ್ಕ್ಯೂಟ್ ಬೋರ್ಡ್ ಬದಲಾಯಿಸಲೇಬೇಕಾ?

ಎರಡು ಸ್ವೆಟರ್ | ಶುಕ್ರವಾರ, ರಾತ್ರಿ 9.10

ಮೂರು ದಿನದಿಂದ ಮನೆಯೊಳಗೇ ಟೋಪಿ ಹಾಕ್ಕೊಂಡು ಓಡಾಡ್ತಿದ್ದೀವಿ. ರೂಮ್ ಬೆಚ್ಚಗಿಡೋ ರೇಡಿಯೇಟರ್ ಏಳು, ಏಳೂ ತಣ್ಣಗೆ. ವಿಚಿತ್ರ ಏನಂದ್ರೆ ನಲ್ಲಿ ತಿರುಗಿಸಿದ್ರೆ ಬಿಸಿನೀರು ಹೊಗೆಯಾಡ್ತಾ ಬರುತ್ತೆ, ಅದಕ್ಕೆ ಏನೂ ಕಡಿಮೆ ಇಲ್ಲ. ಗೋಡೆಗೆ ನೇತುಹಾಕಿರೋ ಗ್ಯಾಸ್ ಕಾಂಬಿ ಬಾಯ್ಲರ್, ಅಂದ್ರೆ ನಲ್ಲಿ ನೀರಿಗೂ ರೇಡಿಯೇಟರ್‌ಗೂ ಅದೊಂದೇ, ಬೇರೆ ನೀರಿನ ಟ್ಯಾಂಕ್ ಇಲ್ಲ. ಒಂಬತ್ತು ವರ್ಷ ಹಳೇದು. ಪ್ರೆಶರ್ ಮುಳ್ಳು 1.3 ಬಾರ್ ತೋರಿಸ್ತಿದೆ. ಡಿಸ್‌ಪ್ಲೇಲಿ ಎರರ್ ಕೋಡ್ ಏನೂ ಇಲ್ಲ. ಥರ್ಮೋಸ್ಟಾಟ್ 21 ಡಿಗ್ರಿಗೆ ಇಟ್ಟಿದ್ದೀನಿ, ಹಾಲ್‌ನಲ್ಲಿ ಇರೋದು 14.

ಇವತ್ತು ಟೆಕ್ನಿಷಿಯನ್ ಒಬ್ರು ಬಂದಿದ್ರು. ಹತ್ತು ನಿಮಿಷ ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗಿದೆ, ತರಿಸ್ಬೇಕು, ಅಡ್ವಾನ್ಸ್ ಕೊಡಿ" ಅಂದ್ರು. ಮೀಟರ್ ಹಿಡಿದು ಏನನ್ನೂ ಅಳೀಲಿಲ್ಲ. ಬೆಲೆ ಕೇಳಿ ನಮ್ಮ ಯಜಮಾನ್ರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಸೋಮವಾರದೊಳಗೆ ಹೇಳ್ತೀವಿ ಅಂತ ಕಳಿಸಿದ್ದೀವಿ. ಬೋರ್ಡ್ ಹೋಗಿದ್ರೆ ಬಿಸಿನೀರು ಹೇಗೆ ಬರುತ್ತೆ? ಗೊತ್ತಿರೋರು ಹೇಳಿ.

ಗಾಳಿಪಟ | ಶುಕ್ರವಾರ, ರಾತ್ರಿ 9.25

ರೇಡಿಯೇಟರ್‌ನಲ್ಲಿ ಗಾಳಿ ಸೇರ್ಕೊಂಡಿರುತ್ತೆ. ಮೇಲ್ಗಡೆ ಮೂಲೇಲಿ ಸಣ್ಣ ಕೀಲಿ ಹಾಕಿ ತಿರುಗಿಸಿ, ಉಸ್ ಅಂತ ಗಾಳಿ ಹೋಗಿ ನೀರು ಬಂದ ತಕ್ಷಣ ಮುಚ್ಚಿ. ನಮ್ಮನೇಲಿ ಹೋದ ಚಳಿಗಾಲ ಇದರಿಂದಲೇ ಸರಿ ಹೋಯ್ತು.

ಹಳೇ ಪಾನಾ | ಶುಕ್ರವಾರ, ರಾತ್ರಿ 9.50

ಮೇಡಂ, ಅಡ್ವಾನ್ಸ್ ಕೊಡಬೇಡಿ. ಸೋಮವಾರಕ್ಕೆ ಇನ್ನೂ ಎರಡು ದಿನ ಇದೆ, ಅಷ್ಟರಲ್ಲಿ ನಾವೇ ಅರ್ಧ ದಾರಿ ಹೋಗಬಹುದು. ಇಪ್ಪತ್ತು ವರ್ಷದ ಮೇಲಾಯ್ತು ನಾನು ಈ ಕೆಲಸಕ್ಕೆ ಇಳಿದು.

ಬಿಸಿನೀರು ಬರ್ತಿರೋದು ನಿಮಗೆ ವಿಚಿತ್ರ, ನನಗೆ ಅದೇ ಸಾಕ್ಷಿ. ನಲ್ಲೀಲಿ ಬಿಸಿ ಬರ್ತಿದೆ ಅಂದ್ರೆ ಗ್ಯಾಸ್ ಬರ್ತಿದೆ, ಕಿಡಿ ಹೊತ್ತುತ್ತಿದೆ, ಫ್ಯಾನ್ ತಿರುಗ್ತಿದೆ, ಗ್ಯಾಸ್ ವಾಲ್ವ್ ತೆರೀತಿದೆ, ಬೋರ್ಡು ಇಷ್ಟನ್ನೂ ಒಂದಾದ ಮೇಲೊಂದು ಸರಿಯಾಗಿ ನಡೆಸ್ತಿದೆ. ಅಷ್ಟು ಜನಕ್ಕೂ ಜಾಮೀನು ಸಿಕ್ಕ ಹಾಗೆ. ನೀರು ಸುತ್ತಿಸೋ ಪಂಪೂ ನಿರಪರಾಧಿ, ಬಿಸಿನೀರಿಗೂ ಅದೇ ಪಂಪ್ ಬೇಕು. ಬೋರ್ಡಿನಲ್ಲಿ ಒಂದು ಮೂಲೆ ಮಾತ್ರ ಸತ್ತಿರೋ ಸಾಧ್ಯತೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಅಳೆದು ಹೇಳಬೇಕು, ಮುಖ ನೋಡಿ ಹೇಳೋದಲ್ಲ.

ಈಗ ಉಳಿಯೋದು ಎರಡು ಪ್ರಶ್ನೆ. ರೂಮಿಗೆ ಶಾಖ ಬೇಕು ಅನ್ನೋ ಮಾತು ಬಾಯ್ಲರ್ ಕಿವಿಗೆ ಬೀಳ್ತಿದೆಯಾ? ಬಿದ್ದಿದ್ರೆ, ಅದು ಕಾಯಿಸಿದ ನೀರು ಎಲ್ಲಿಗೆ ಹೋಗ್ತಿದೆ?

ಗಾಳಿಪಟ ಅವರೇ, ಗಾಳಿ ಆಗಿದ್ರೆ ಮಹಡಿ ಮೇಲಿನ ಒಂದೆರಡು ರೇಡಿಯೇಟರ್ ಮೇಲ್ಭಾಗ ತಣ್ಣಗಿರುತ್ತೆ, ಕೆಳಗೆ ಬಿಸಿ ಇರುತ್ತೆ. ಏಳೂ ಒಟ್ಟಿಗೆ ತಲೆಯಿಂದ ಕಾಲಿನವರೆಗೆ ತಣ್ಣಗಾದ್ರೆ ತೊಂದರೆ ರೇಡಿಯೇಟರ್‌ಗಿಂತ ಮುಂಚೆಯೇ ಎಲ್ಲೋ ಇದೆ. ಮೇಡಂ, ಸದ್ಯಕ್ಕೆ ಗಾಳಿ ತೆಗೆಯಕ್ಕೆ ಹೋಗ್ಬೇಡಿ. ಪ್ರೆಶರ್ ಇಳಿದು 1ಕ್ಕಿಂತ ಕೆಳಗೆ ಬಂದ್ರೆ ಆಮೇಲೆ ಬಿಸಿನೀರೂ ನಿಲ್ಲಬಹುದು, ಕೈಯಲ್ಲಿರೋ ಸಾಕ್ಷೀನೂ ಹೋಗುತ್ತೆ.

ಬಾಡಿಗೆ ಮನೆ | ಶುಕ್ರವಾರ, ರಾತ್ರಿ 10.05

ನಗಬೇಡಿ. ನಾನು ಒಂದು ವಾರ ಚಳೀಲಿ ನಡುಗಿ, ಮನೆ ಓನರ್ ಜೊತೆ ಜಗಳ ಆಡಿ, ಕೊನೆಗೆ ಬಂದವರು ಮಾಡಿದ್ದು ಒಂದೇ ಕೆಲಸ: ಬಾಯ್ಲರ್ ಮುಂದಿನ ಗುಂಡಿ ತಿರುಗಿಸಿದ್ರು. ಬೇಸಿಗೇಲಿ ನಾನೇ ನಲ್ಲಿ ಚಿತ್ರದ ಕಡೆ ತಿರುಗಿಸಿ ಮರೆತಿದ್ದೆ. ಆ ಸ್ಥಾನದಲ್ಲಿ ಬಾಯ್ಲರ್ ಬಿಸಿನೀರು ಮಾತ್ರ ಕೊಡುತ್ತೆ, ರೇಡಿಯೇಟರ್ ಕಡೆ ತಿರುಗಿಯೂ ನೋಡಲ್ಲ. ಕೆಲವು ಬಾಯ್ಲರ್‌ನಲ್ಲಿ ಸೂರ್ಯನ ಚಿತ್ರ ಇರುತ್ತೆ, ಕೆಲವದ್ರಲ್ಲಿ ರೇಡಿಯೇಟರ್ ಗುಂಡೀನ ಪೂರ್ತಿ ಎಡಕ್ಕೆ ತಿರುಗಿಸಿದ್ರೆ ಅದೇ ಅರ್ಥ. ಮನೆ ಕ್ಲೀನ್ ಮಾಡುವಾಗ ಬಟ್ಟೆ ತಾಗಿದ್ರೂ ತಿರುಗಿಬಿಡುತ್ತೆ.

ಎರಡು ಸ್ವೆಟರ್ | ಶುಕ್ರವಾರ, ರಾತ್ರಿ 10.20

ಓಡಿಹೋಗಿ ನೋಡ್ದೆ! ಇಲ್ಲ, ರೇಡಿಯೇಟರ್ ಮತ್ತು ನಲ್ಲಿ ಎರಡೂ ಚಿತ್ರ ಇರೋ ಕಡೆಗೇ ಇದೆ. ರೇಡಿಯೇಟರ್ ಉಷ್ಣಾಂಶ 65. ಟೈಮರ್ ಕೂಡ ಸರಿಯಾಗಿದೆ, "ಯಾವಾಗಲೂ ಆನ್" ಮಾಡಿದ್ದೀನಿ.

ಸರ್ಕ್ಯೂಟ್ ರಂಗ | ಶುಕ್ರವಾರ, ರಾತ್ರಿ 10.40

ಥರ್ಮೋಸ್ಟಾಟ್ ವೈರ್‌ಲೆಸ್ಸಾ? ಹಾಗಿದ್ರೆ ಅದು ಎರಡು ತುಂಡು. ಗೋಡೆ ಮೇಲೆ ನೀವು ಒತ್ತೋದು ಒಂದು, ಬಾಯ್ಲರ್ ಪಕ್ಕ ಕೂತು ಸ್ವಿಚ್ ಮಾಡೋ ರಿಸೀವರ್ ಇನ್ನೊಂದು. ಗೋಡೆಯದ್ದು 21 ಅಂತ ತೋರಿಸಿದ ಮಾತ್ರಕ್ಕೆ ಮಾತು ರಿಸೀವರ್‌ಗೆ ತಲುಪಿದೆ ಅಂತಲ್ಲ. ಸೆಲ್ ಸೊರಗಿದ್ರೆ ಡಿಸ್‌ಪ್ಲೇ ಬೆಳಗುತ್ತೆ, ರೇಡಿಯೋ ಮಾತ್ರ ಕೂಗಲ್ಲ. ಹೊಸ ಸೆಲ್ ಹಾಕಿ, 25ಕ್ಕೆ ಏರಿಸಿ, ರಿಸೀವರ್ ಹತ್ರ ಕಿವಿ ಇಟ್ಟು ನಿಲ್ಲಿ. ಟಕ್ ಅಂತ ರಿಲೇ ಸದ್ದು ಬಂದು ದೀಪ ಬದಲಾದ್ರೆ ಅದು ಸರಿ ಇದೆ. ರಿಸೀವರ್ ಮೇಲೇ ಆನ್ ಬಟನ್ ಇದ್ರೆ ಅದನ್ನೂ ಒತ್ತಿ ನೋಡಿ.

ವಿಡಿಯೋದಲ್ಲಿ ತೋರಿಸ್ತಾರೆ ಅಂತ ಥರ್ಮೋಸ್ಟಾಟ್ ತಂತಿ ಎರಡನ್ನೂ ಸೇರಿಸಿ ನೋಡಕ್ಕೆ ಹೋಗ್ಬೇಡಿ. ಕೆಲವು ಬಾಯ್ಲರ್‌ನಲ್ಲಿ ಅಲ್ಲಿ 230 ವೋಲ್ಟ್ ಇರುತ್ತೆ, ಕೆಲವದ್ರಲ್ಲಿ 24. ಯಾವುದು ಎಷ್ಟು ಅಂತ ಹೊರಗಿನಿಂದ ಗೊತ್ತಾಗಲ್ಲ. 24ರ ಜಾಗಕ್ಕೆ 230 ಕೊಟ್ರೆ ಆಗ ಬೋರ್ಡ್ ನಿಜವಾಗ್ಲೂ ಹೋಗುತ್ತೆ.

ಎರಡು ಸ್ವೆಟರ್ | ಶುಕ್ರವಾರ, ರಾತ್ರಿ 11.00

ಹೊಸ ಸೆಲ್ ಹಾಕಿದೆ. ಟಕ್ ಅಂತು, ಹಸಿರು ದೀಪ ಬಂತು. ಬಾಯ್ಲರ್ ಒಳಗೆ ಫ್ಯಾನ್ ಸದ್ದೂ ಕೇಳಿಸ್ತು, ಡಿಸ್‌ಪ್ಲೇಲಿ ಜ್ವಾಲೆ ಚಿತ್ರ ಬಂತು. ಆಮೇಲೆ ಹೋಯ್ತು. ಅಂದ್ರೆ ಮಾತು ಕಿವಿಗೆ ಬಿದ್ದಿದೆ ಅಲ್ವಾ?

ಹಳೇ ಪಾನಾ | ಶುಕ್ರವಾರ, ರಾತ್ರಿ 11.15

ಬಿದ್ದಿದೆ. ಥರ್ಮೋಸ್ಟಾಟ್, ರಿಸೀವರ್, ತಂತಿ, ಟೈಮರ್ ಎಲ್ಲಾ ಮನೆಗೆ ಹೋಗಲಿ. ಇನ್ನು ಎರಡನೇ ಪ್ರಶ್ನೆ, ಕಾದ ನೀರು ಎಲ್ಲಿಗೆ ಹೋಗ್ತಿದೆ. ಇದಕ್ಕೆ ಬೇಕಾದ ಉಪಕರಣ ನಿಮ್ಮ ಅಂಗೈ.

ಇವತ್ತು ರಾತ್ರಿ ಹೀಟಿಂಗ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟೋ ಮೊದಲು ಬಾಯ್ಲರ್ ಕೆಳಗೆ ನೋಡಿ. ಸಾಮಾನ್ಯವಾಗಿ ಐದು ತಾಮ್ರದ ಪೈಪ್ ಇರುತ್ತೆ. ದಪ್ಪನೆ ಎರಡು ರೇಡಿಯೇಟರ್‌ಗೆ ಹೋಗೋದು ಮತ್ತು ಅಲ್ಲಿಂದ ಬರೋದು. ತೆಳು ಎರಡು ಬಿಸಿನೀರಿನ ನಲ್ಲಿಗೆ ಹೋಗೋದು ಮತ್ತು ತಣ್ಣೀರು ಒಳಗೆ ಬರೋದು. ಇನ್ನೊಂದು ಗ್ಯಾಸ್. ಪ್ಲಾಸ್ಟಿಕ್ ಪೈಪ್ ಒಂದಿದ್ರೆ ಅದು ಹೊಗೆಯ ತೇವ ಹೊರಗೆ ಬಿಡೋದು, ಬಿಟ್ಟುಬಿಡಿ. ಯಾವುದು ಎಲ್ಲಿ ಅನ್ನೋ ಕ್ರಮ ಬಾಯ್ಲರ್‌ನಿಂದ ಬಾಯ್ಲರ್‌ಗೆ ಬೇರೆ, ಮ್ಯಾನ್ಯುಅಲ್‌ನಲ್ಲಿ ಚಿತ್ರ ಇರುತ್ತೆ. ಹೀಟಿಂಗ್ ಆನ್ ಮಾಡಿ, ಡಿಸ್‌ಪ್ಲೇ ನಂಬರ್ ಹೇಗೆ ಏರುತ್ತೆ ಅಂತ ಗಡಿಯಾರ ಹಿಡಿದು ಬರೆದುಕೊಳ್ಳಿ, ಒಂದೊಂದು ಪೈಪನ್ನೂ ಮುಟ್ಟಿ ನೋಡಿ. ಗಟ್ಟಿಯಾಗಿ ಹಿಡೀಬೇಡಿ, ಬೇಗ ಸುಡುತ್ತೆ. ಮುಂದಿನ ಮುಚ್ಚಳ ಮಾತ್ರ ತೆಗೀಬೇಡಿ. ಎಷ್ಟೋ ಬಾಯ್ಲರ್‌ನಲ್ಲಿ ಆ ಮುಚ್ಚಳವೇ ಹೊಗೆಯನ್ನ ಒಳಗೆ ಹಿಡಿದಿಡೋದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ ತಾನೇ ಮನೇಲಿ?

ಅನುಮಾನ | ಶನಿವಾರ, ಬೆಳಿಗ್ಗೆ 6.30

ಪಾನಾ ಅವರೇ, ಒಂದು ಮಾತು ಉಂಟು. ಪಂಪಿಗೆ ನೀವು ಬೇಗ ಜಾಮೀನು ಕೊಟ್ಟದ್ದಾಯ್ತು. ಎಲ್ಲ ಕಾಂಬಿಯೂ ಒಂದೇ ಥರ ಅಲ್ಲ ಮಾರಾಯ್ರೆ. ಪೈಪೊಳಗೆ ಪೈಪು ಇಟ್ಟು ಶಾಖ ದಾಟಿಸುವ ಒಂದೇ ಎಕ್ಸ್‌ಚೇಂಜರಿನಲ್ಲಿ ಎರಡೂ ನೀರು ಕಾಯಿಸುವ ಬೈಥರ್ಮಿಕ್ ಬಾಯ್ಲರ್ ಅಂತ ಉಂಟಲ್ಲ, ಅದರಲ್ಲಿ ನಲ್ಲಿ ಬಿಟ್ಟಾಗ ಪಂಪು ನಿಲ್ಲುತ್ತದೆ. ಅಂಥದ್ದರಲ್ಲಿ ಪಂಪು ಸತ್ತರೂ ಬಿಸಿನೀರು ಚಂದ ಬರ್ತದೆ, ರೇಡಿಯೇಟರ್ ಮಾತ್ರ ತಣ್ಣಗೆ. ಮೇಡಮ್ಮನ ಬಾಯ್ಲರ್ ಯಾವ ಜಾತಿ ಅಂತ ಮೊದಲು ತಿಳೀಬೇಕಲ್ಲ?

ಹಳೇ ಪಾನಾ | ಶನಿವಾರ, ಬೆಳಿಗ್ಗೆ 7.00

ತಪ್ಪಾಯ್ತು, ಒಪ್ಪಿದೆ. ನಾನು ಹೆಚ್ಚಾಗಿ ನಲ್ಲಿ ನೀರಿಗೆ ಬೇರೆ ಪ್ಲೇಟ್ ಎಕ್ಸ್‌ಚೇಂಜರ್ ಇರೋದರಲ್ಲೇ ಕೈ ಹಾಕಿರೋದರಿಂದ ಬಾಯಿಗೆ ಅದೇ ಬಂತು. ಮೇಡಂ, ಪೈಪ್ ಪರೀಕ್ಷೆ ಮುಗಿದ ಮೇಲೆ ಬಿಸಿನೀರಿನ ನಲ್ಲಿ ಬಿಟ್ಟು ಬಾಯ್ಲರ್‌ಗೆ ಕಿವಿ ಕೊಡಿ. ಬರ್ನರ್ ಸದ್ದಿನ ಕೆಳಗೆ ಜೇನ್ನೊಣದ ಥರ ಸಣ್ಣ ಗುಂಯ್ ಅನ್ನೋದು ಇದ್ರೆ ಪಂಪ್ ಓಡ್ತಿದೆ.

ಎರಡು ಸ್ವೆಟರ್ | ಶನಿವಾರ, ಬೆಳಿಗ್ಗೆ 8.15

ಮನೆಯವರನ್ನೆಲ್ಲಾ ಮುಖ ತೊಳೆಯದ ಹಾಗೆ ತಡೆದು ಪರೀಕ್ಷೆ ಮಾಡಿದ್ದೀನಿ. ಮಗಳು ಗಡಿಯಾರ ಹಿಡಿದಿದ್ದಳು, ನಾನು ಸ್ಟೂಲ್ ಮೇಲೆ. ಬರೆದುಕೊಂಡಿದ್ದನ್ನ ಹಾಗೇ ಹಾಕ್ತಿದ್ದೀನಿ.

ಶುರುವಿನಲ್ಲಿ 19. ಜ್ವಾಲೆ ಬಂದ ಮೇಲೆ 20 ಸೆಕೆಂಡಿಗೆ 38. 40 ಸೆಕೆಂಡಿಗೆ 57. ಒಂದು ನಿಮಿಷಕ್ಕೆ 74. ಒಂದು ನಿಮಿಷ 10 ಸೆಕೆಂಡಿಗೆ 81, ಜ್ವಾಲೆ ಆರಿತು. ಆಮೇಲೆ ನಂಬರ್ ನಿಧಾನಕ್ಕೆ ಇಳೀತಾ ಹೋಯ್ತು. ಸುಮಾರು ಐದು ನಿಮಿಷ ಬಿಟ್ಟು ಮತ್ತೆ ಹೊತ್ತಿ, ಮತ್ತೆ ಒಂದು ನಿಮಿಷದೊಳಗೇ ಆರಿತು.

ರೇಡಿಯೇಟರ್‌ಗೆ ಹೋಗೋ ದಪ್ಪ ಪೈಪ್: ಬಾಯ್ಲರ್‌ಗೆ ಅಂಟಿದ ಹಾಗೆ ಎರಡು ಬೆರಳಷ್ಟು ಬೆಚ್ಚಗೆ. ಒಂದು ಗೇಣು ಕೆಳಗೆ ಕೈ ಇಟ್ರೆ ಐಸು. ವಾಪಸ್ ಬರೋ ಪೈಪ್ ಪೂರ್ತಿ ಐಸು. ಆದ್ರೆ ಬಿಸಿನೀರಿನ ತೆಳು ಪೈಪ್ ಮೇಲ್ಗಡೆ ಕೈ ಇಡಕ್ಕಾಗದಷ್ಟು ಬಿಸಿ! ಯಾರೂ ನಲ್ಲಿ ಮುಟ್ಟಿಲ್ಲ, ದೇವರಾಣೆ.

ನಲ್ಲಿ ಬಿಟ್ಟಾಗ ಗುಂಯ್ ಸದ್ದು ಇದೆ. ನಲ್ಲಿ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಇತ್ತು. ಅಲಾರಂ ಇದೆ, ಬಟನ್ ಒತ್ತಿ ನೋಡ್ದೆ, ಮನೆಯೆಲ್ಲಾ ಎದ್ದು ಕೂತ್ರು.

ಹಳೇ ಪಾನಾ | ಶನಿವಾರ, ಬೆಳಿಗ್ಗೆ 8.40

ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಇದಕ್ಕಿಂತ ಚೆನ್ನಾಗಿ ಯಾರೂ ಬರೆದು ಕೊಡಲ್ಲ.

ಏಳು ರೇಡಿಯೇಟರ್ ತುಂಬ ತಣ್ಣೀರು ಇದ್ರೆ ಬಾಯ್ಲರ್ ನಂಬರ್ 19ರಿಂದ 81ಕ್ಕೆ ಒಂದು ನಿಮಿಷದಲ್ಲಿ ಹಾರಲ್ಲ. ಅಷ್ಟೂ ನೀರು, ಅಷ್ಟೂ ಕಬ್ಬಿಣ ಶಾಖ ಹೀರ್ತಾ ಇರುತ್ತೆ, ನಂಬರ್ ಒದ್ದಾಡಿಕೊಂಡು ಏರುತ್ತೆ. ಹೀಗೆ ಹಾರಿದೆ ಅಂದ್ರೆ ಬರ್ನರ್ ಕಾಯಿಸ್ತಿರೋದು ಒಂದು ಹಿಡಿ ನೀರನ್ನ. ಅದೇ ನೀರು ಬಾಯ್ಲರ್ ಒಳಗೇ ಸುತ್ತು ಹಾಕ್ತಿದೆ, ಶಾಖ ಹೋಗಕ್ಕೆ ಜಾಗ ಇಲ್ಲ, ಅದಕ್ಕೇ ಬಾಯ್ಲರ್ ತಾನೇ ಹೆದರಿ ಆರಿಸ್ಕೊಳ್ತಿದೆ. ಎಲ್ಲಿ ಸುತ್ತುತ್ತಿದೆ ಅಂತ ನಿಮ್ಮ ತೆಳು ಪೈಪೇ ಹೇಳಿದೆ.

ಒಳಗೆ ಡೈವರ್ಟರ್ ವಾಲ್ವ್ ಅಂತ ಒಂದಿರುತ್ತೆ. ರೈಲ್ವೆ ಹಳಿಯಲ್ಲಿ ದಾರಿ ಬದಲಾಯಿಸೋ ಪಾಯಿಂಟ್ ಇರುತ್ತಲ್ಲ, ಹಾಗೆ. ಕಾದ ನೀರು ಒಂದು ದಾರೀಲಿ ರೇಡಿಯೇಟರ್‌ಗೆ ಹೋಗುತ್ತೆ. ಇನ್ನೊಂದು ದಾರೀಲಿ ಪ್ಲೇಟ್ ಎಕ್ಸ್‌ಚೇಂಜರ್ ಅನ್ನೋ ಸಣ್ಣ ಸ್ಟೀಲ್ ಡಬ್ಬಿಗೆ ಹೋಗಿ, ನಿಮ್ಮ ನಲ್ಲಿ ನೀರಿಗೆ ಶಾಖ ಕೊಟ್ಟು, ವಾಪಸ್ ಬರುತ್ತೆ. ನಲ್ಲಿ ಬಿಟ್ಟ ತಕ್ಷಣ ವಾಲ್ವ್ ಡಬ್ಬಿ ಕಡೆ ಹೊರಳುತ್ತೆ, ನಿಲ್ಲಿಸಿದ ಮೇಲೆ ರೇಡಿಯೇಟರ್ ಕಡೆ ತಿರುಗಬೇಕು. ನಿಮ್ಮದು ಡಬ್ಬಿ ಕಡೆ ಹೊರಳಿದ್ದು ಹಾಗೇ ಕೂತುಬಿಟ್ಟಿದೆ ಅಂತ ಕಾಣುತ್ತೆ. ಮೋಟಾರ್ ಸತ್ತಿರಬಹುದು, ಅದರ ಕೆಳಗಿನ ಕಡ್ಡಿ ಹಿಡಿದಿರಬಹುದು, ಇಲ್ಲ ಬೋರ್ಡ್ ಮೋಟಾರ್‌ಗೆ ಕರೆಂಟ್ ಕಳಿಸ್ತಿಲ್ಲದೇ ಇರಬಹುದು. ಮೂರರಲ್ಲಿ ಯಾವುದು ಅಂತ ಮೀಟರ್ ಇರೋನಿಗೆ ಐದು ನಿಮಿಷದ ಕೆಲಸ.

ಅನುಮಾನ | ಶನಿವಾರ, ಬೆಳಿಗ್ಗೆ 9.05

ಇನ್ನೊಂದು ಅನುಮಾನ ಹೇಳ್ತೇನೆ, ಬೈಯಬೇಡಿ. ವಾಲ್ವ್ ಸರಿಯೇ ಇದ್ದು, "ಯಾರೋ ನಲ್ಲಿ ಬಿಟ್ಟಿದ್ದಾರೆ" ಅಂತ ಬಾಯ್ಲರ್ ತಪ್ಪು ತಿಳ್ಕೊಂಡ್ರೂ ಹೀಗೇ ಆಗ್ತದೆ. ಬಿಸಿನೀರಿಗೆ ಯಾವಾಗಲೂ ಮೊದಲ ಮರ್ಯಾದೆ. ಒಳಗೆ ಬರುವ ತಣ್ಣೀರಿನ ದಾರೀಲಿ ನೀರು ಹರಿಯುವುದನ್ನು ತಿಳಿಸುವ ಫ್ಲೋ ಸೆನ್ಸರ್ ಉಂಟು, ಅದು ತಪ್ಪು ಸುದ್ದಿ ಕೊಟ್ರೆ, ಅಥವಾ ಎಲ್ಲೋ ಬಿಸಿನೀರಿನ ಲೈನ್ ಸೋರಿದ್ರೆ, ಬಾಯ್ಲರ್ ನಲ್ಲಿಯ ಸೇವೆಯಲ್ಲೇ ಮುಳುಗಿರ್ತದೆ. ಡಿಸ್‌ಪ್ಲೇಯಲ್ಲಿ ನಲ್ಲಿ ಚಿತ್ರ ಉಂಟಾ, ರೇಡಿಯೇಟರ್ ಚಿತ್ರ ಉಂಟಾ? ಬಾಯ್ಲರಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ ನೋಡಿ. ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತು, ಗೀಟು ಪೈಪಿಗೆ ಅಡ್ಡ ಬಂದರೆ ಮುಚ್ಚಿದ ಹಾಗೆ. ಮುಚ್ಚಿದ ಕೂಡಲೇ ರೇಡಿಯೇಟರ್ ಕಾಯಲು ಶುರುವಾದರೆ ವಾಲ್ವ್ ಅಲ್ಲ, ಸೆನ್ಸರಿಗೆ ಬರುವ ನೀರಿನದ್ದೇ ತೊಂದರೆ. ಮತ್ತೆ, ಕೆಲವು ಬಾಯ್ಲರಿನಲ್ಲಿ ನಲ್ಲಿ ನೀರು ಬೇಗ ಬಿಸಿ ಬರ್ಲಿ ಅಂತ ಡಬ್ಬಿಯನ್ನು ಮೊದಲೇ ಕಾಯಿಸಿಡುವ ಕಂಫರ್ಟ್ ಮೋಡ್ ಉಂಟು. ಅದು ಆನ್ ಇದ್ದರೆ ತೆಳು ಪೈಪು ಬಿಸಿ ಇರುವುದು ಸಹಜವೇ.

ಎರಡು ಸ್ವೆಟರ್ | ಶನಿವಾರ, ಬೆಳಿಗ್ಗೆ 9.30

ಬೈಯೋದ್ಯಾಕೆ, ಇಂಥ ಅನುಮಾನ ಟೆಕ್ನಿಷಿಯನ್‌ಗೆ ಬಂದಿದ್ರೆ ಸಾಕಿತ್ತು. ಕಂಫರ್ಟ್ ಮೋಡ್ ಆಫ್ ಇದೆ. ಡಿಸ್‌ಪ್ಲೇಲಿ ರೇಡಿಯೇಟರ್ ಚಿತ್ರವೇ ಇದೆ, ನಲ್ಲಿ ಚಿತ್ರ ಇಲ್ಲ. ತಣ್ಣೀರಿನ ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಕಾದೆ, ಏನೂ ಬದಲಾಗ್ಲಿಲ್ಲ, ಅದೇ 81, ಅದೇ ಆರೋದು.

ಅನುಮಾನ | ಶನಿವಾರ, ಬೆಳಿಗ್ಗೆ 9.35

ಹಾಗಾದ್ರೆ ನನ್ನದೇನಿಲ್ಲ. ಪಾನಾ ಹೇಳಿದ್ದೇ.

ಸಿಲಿಂಡರ್ ಮನಿ | ಶನಿವಾರ, ಬೆಳಿಗ್ಗೆ 10.10

ನಡುವ ಬಾಯಿ ಹಾಕಾಕತ್ತೇನಿ, ಕ್ಷಮಿಸ್ರಿ. ನಮ್ಮನ್ಯಾಗೂ ಇದೇ ಕಥಿ, ಆದ್ರ ನಮ್ದು ಕಾಂಬಿ ಅಲ್ರಿ. ಬಾಯ್ಲರ್ ಬ್ಯಾರೆ, ಬಿಸಿನೀರಿನ ದೊಡ್ಡ ಸಿಲಿಂಡರ್ ಬ್ಯಾರೆ ಐತಿ. ನೀರು ಬಿಸಿ ಬರ್ತೈತಿ, ರೇಡಿಯೇಟರ್ ತಣ್ಣಗ. ನಮಗೂ ಈ ಡೈವರ್ಟರ್ ಲೆಕ್ಕಾನೇ ಬರ್ತೈತೇನ್ರಿ?

ಹಳೇ ಪಾನಾ | ಶನಿವಾರ, ಬೆಳಿಗ್ಗೆ 10.45

ಲೆಕ್ಕ ಅದೇ, ಪಾತ್ರಧಾರಿಗಳು ಬೇರೆ. ನಿಮಗೆ ಮೊದಲ ಪ್ರಶ್ನೆ: ಆ ನೀರನ್ನ ಕಾಯಿಸ್ತಿರೋದು ಬಾಯ್ಲರ್ರಾ, ಅಥವಾ ಸಿಲಿಂಡರ್ ಹೊಟ್ಟೆಯೊಳಗಿನ ಕರೆಂಟ್ ಹೀಟರ್ರಾ? ಆ ಹೀಟರ್ ಸ್ವಿಚ್ ಯಾರೋ ಆನ್ ಮಾಡಿಟ್ಟು ಮರೆತಿದ್ರೆ, ಬಾಯ್ಲರ್ ಸತ್ತು ತಿಂಗಳಾದ್ರೂ ನಲ್ಲೀಲಿ ಬಿಸಿನೀರು ಬರ್ತಾನೇ ಇರುತ್ತೆ. ಆಗ ಸಾಕ್ಷಿ ಸುಳ್ಳು ಸಾಕ್ಷಿ. ಒಂದು ದಿನ ಆ ಸ್ವಿಚ್ ಆಫ್ ಮಾಡಿ ನೋಡಿ.

ಬಾಯ್ಲರ್‌ನಿಂದಲೇ ಕಾಯ್ತಿದ್ರೆ ಸಿಲಿಂಡರ್ ಅಕ್ಕಪಕ್ಕ ಹುಡುಕಿ. ಪೈಪ್ ಮೇಲೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಲೋಹದ ಡಬ್ಬಿ, ಅದಕ್ಕೊಂದು ವೈರು, ಪಕ್ಕದಲ್ಲೊಂದು ಸಣ್ಣ ಲಿವರ್. ಅದೇ ಮೋಟಾರ್ ವಾಲ್ವ್. ಎರಡು ಪೈಪಿನ ಡಬ್ಬಿ ಎರಡಿದ್ರೆ ಒಂದು ನೀರಿಗೆ, ಒಂದು ರೇಡಿಯೇಟರ್‌ಗೆ. ಮೂರು ಪೈಪ್ ಸೇರೋ ಜಾಗದಲ್ಲಿ ಒಂದೇ ಇದ್ರೆ ಅದು ಎರಡೂ ಕೆಲಸ ಮಾಡುತ್ತೆ. ಈ ಮೂರು ದಾರಿ ವಾಲ್ವ್‌ನ ಸ್ವಭಾವ ತಿಳ್ಕೊಳ್ಳಿ: ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಅದನ್ನ ಬಿಸಿನೀರಿನ ಕಡೆ ಎಳೆದು ಕೂರಿಸುತ್ತೆ. ಒಳಗಿನ ಪುಟ್ಟ ಮೋಟಾರ್ ಸುಟ್ಟುಹೋದ್ರೆ ಅದು ಅಲ್ಲೇ ಉಳಿಯುತ್ತೆ. ಬಿಸಿನೀರು ನಿರಾತಂಕ, ಹೀಟಿಂಗ್ ಮಾತ್ರ ಸೊನ್ನೆ. ಅಷ್ಟೇ ಅಲ್ಲ, ಹೀಟಿಂಗ್ ಮಾತ್ರ ಆನ್ ಮಾಡಿದ್ರೆ ಬಾಯ್ಲರ್ ಹೊತ್ತೋದೇ ಇಲ್ಲ. ವಾಲ್ವ್ ತಿರುಗಿ ಒಳಗಿನ ಸ್ವಿಚ್ ಒತ್ತಿದ ಮೇಲಷ್ಟೇ ಬಾಯ್ಲರ್‌ಗೆ ಕರೆಂಟ್ ಹೋಗೋದು.

ಪರೀಕ್ಷೆ ಹೀಗೆ. ಹೀಟಿಂಗ್ ಆನ್ ಮಾಡಿ ಒಂದು ನಿಮಿಷ ಬಿಟ್ಟು ಲಿವರ್ ಸರಿಸಿ ನೋಡಿ. ಸಡಿಲವಾಗಿ ಆಡಿದ್ರೆ ಮೋಟಾರ್ ತನ್ನ ಕೆಲಸ ಮಾಡಿದೆ. ಸ್ಪ್ರಿಂಗ್ ತಳ್ಳಿದ ಹಾಗೆ ಬಿಗಿಯಾಗಿದ್ರೆ ಮಾಡಿಲ್ಲ.

ಸರ್ಕ್ಯೂಟ್ ರಂಗ | ಶನಿವಾರ, ಬೆಳಿಗ್ಗೆ 11.00

ಸಿಲಿಂಡರ್ ಮನೆಯವರಿಗೆ ಇನ್ನೊಂದು. ತುಂಬಾ ಹಳೇ ಮನೆ ಆದ್ರೆ ಸಿಲಿಂಡರ್‌ಗೆ ಪಂಪೇ ಬೇಡದ ವ್ಯವಸ್ಥೆ ಇರುತ್ತೆ. ಬಿಸಿನೀರು ಹಗುರ, ತಾನೇ ಮೇಲೇರಿ ಸುತ್ತುತ್ತೆ. ಪಂಪ್ ಇರೋದು ರೇಡಿಯೇಟರ್‌ಗೆ ಮಾತ್ರ. ಅಲ್ಲಿ ಪಂಪ್ ಹಿಡಿದ್ರೆ ಇದೇ ಲಕ್ಷಣ. ಬೇಸಿಗೆ ಪೂರ್ತಿ ಓಡದೆ ಕೂತ ಪಂಪ್ ಚಳಿಗಾಲದ ಮೊದಲ ದಿನ ಹಿಡಿಯೋದು ಮಾಮೂಲು.

ಸಿಲಿಂಡರ್ ಮನಿ | ಶನಿವಾರ, ಮಧ್ಯಾಹ್ನ 1.20

ಮೂರು ಪೈಪಿಂದು ಒಂದ ಐತ್ರಿ. ಲಿವರ್ ಬಿಗಿ. ಹೀಟಿಂಗ್ ಅಷ್ಟ ಹಚ್ಚಿದ್ರ ಬಾಯ್ಲರ್ ಮಾತಾಡೂದಿಲ್ಲ, ನೀರು ಹಚ್ಚಿದ ಕೂಡ್ಲೆ ಹೊತ್ತತೈತಿ. ನೀವು ಹೇಳಿದಂಗ ಅಕ್ಷರ ಅಕ್ಷರ ಐತಿ. ಮಂಗಳವಾರ ಎಲೆಕ್ಟ್ರಿಷಿಯನ್ ಬರ್ತಾನಂತ. ಅಲ್ಲೀತನಕ ಹೆಂಗ್ ಮಾಡೂದ್ರಿ, ಮನ್ಯಾಗ ವಯಸ್ಸಾದವ್ರು ಅದಾರ.

ಹಳೇ ಪಾನಾ | ಶನಿವಾರ, ಮಧ್ಯಾಹ್ನ 1.40

ಲಿವರ್ ಪೂರ್ತಿ ಆ ಕಡೆ ಸರಿಸಿ ಕೊಂಡಿಗೆ ಸಿಕ್ಕಿಸಿ. ವಾಲ್ವ್ ನಡುವೆ ನಿಲ್ಲುತ್ತೆ, ಎರಡೂ ದಾರಿ ತೆರೆದಿರುತ್ತೆ. ಈಗ ಟೈಮರ್‌ನಲ್ಲಿ *ಬಿಸಿನೀರು* ಆನ್ ಮಾಡಿ. ಬಾಯ್ಲರ್ ಹೊತ್ತಿ ಸಿಲಿಂಡರ್ ಜೊತೆ ರೇಡಿಯೇಟರ್ ಕೂಡ ಕಾಯುತ್ತೆ. ಸಿಲಿಂಡರ್ ಕಾದು ಮುಗಿದ ಮೇಲೆ ಬಾಯ್ಲರ್ ನಿಲ್ಲುತ್ತೆ, ಸ್ವಲ್ಪ ಬಿಸಿನೀರು ಬಳಸಿದ್ರೆ ಮತ್ತೆ ಹೊತ್ತುತ್ತೆ. ಅಡ್ಡದಾರಿ ಹೌದು, ಮಂಗಳವಾರದವರೆಗೆ ಸಾಕು. ಡಬ್ಬಿ ಮುಚ್ಚಳ ತೆಗೆಯೋದು ಅವನೇ ತೆಗೀಲಿ, ಒಳಗೆ ಮೇನ್ಸ್ ಕರೆಂಟ್ ಇದೆ. ಎಷ್ಟೋ ವಾಲ್ವ್‌ನಲ್ಲಿ ನೀರು ಖಾಲಿ ಮಾಡದೆ ಮೇಲಿನ ತಲೆ ಅಥವಾ ಮೋಟಾರ್ ಮಾತ್ರ ಬದಲಾಯಿಸಬಹುದು. ಪೂರ್ತಿ ವಾಲ್ವ್ ಬೇಕು ಅಂದ್ರೆ ಯಾಕೆ ಅಂತ ಕೇಳಿ.

ಕಪ್ಪು ನೀರು | ಶನಿವಾರ, ಸಂಜೆ 5.00

ಎಲ್ಲಾ ಸರಿ, ಮೂಲದ ಬಗ್ಗೆ ಯಾರೂ ಮಾತಾಡ್ತಿಲ್ಲ. ಒಂಬತ್ತು ವರ್ಷದ ಸಿಸ್ಟಮ್ಮು, ಒಳಗೆ ತುಕ್ಕಿನ ಕೆಸರು ತುಂಬಿರುತ್ತೆ. ನೀರು ಹಾಯಿಸಿ ಒಳಗೆಲ್ಲಾ ತೊಳೆಸದೆ, ಅಂದ್ರೆ ಪೂರ್ತಿ ಫ್ಲಷ್ ಮಾಡಿಸದೆ ಏನು ಬದಲಾಯಿಸಿದ್ರೂ ನೀರಲ್ಲಿ ಹೋಮ. ಮೊದಲು ಫ್ಲಷ್, ಆಮೇಲೆ ಮಿಕ್ಕಿದ್ದು.

ಹಳೇ ಪಾನಾ | ಶನಿವಾರ, ಸಂಜೆ 5.30

ಕೆಸರು ಇರಬಹುದು, ಆ ಕಡ್ಡಿ ಹಿಡಿಯೋದಕ್ಕೆ ಅದೇ ಕಾರಣವೂ ಇರಬಹುದು. ಕ್ರಮ ಮಾತ್ರ ನೀವು ಹೇಳಿದ್ದರ ಉಲ್ಟಾ. ವಾಲ್ವ್ ರೇಡಿಯೇಟರ್ ದಾರಿಯನ್ನೇ ಮುಚ್ಚಿ ಕೂತಿರುವಾಗ ಫ್ಲಷ್ ಮಾಡಿಸಿ ದುಡ್ಡು ಕೊಟ್ರೂ ಮನೆ ತಣ್ಣಗೇ ಇರುತ್ತೆ. ಕೆಸರಿನ ಲಕ್ಷಣ ಬೇರೆ: ರೇಡಿಯೇಟರ್ ಮೇಲೆ, ಅಂಚಲ್ಲಿ ಬಿಸಿ ಇದ್ದು ಕೆಳಗೆ ನಡುಭಾಗ ತಣ್ಣಗಿರುತ್ತೆ, ಒಂದು ಬೇಗ ಕಾದ್ರೆ ಇನ್ನೊಂದು ಗಂಟೆ ತಗೊಳ್ಳುತ್ತೆ, ಗಾಳಿ ತೆಗೆಯುವಾಗ ಮಸಿಯಂಥ ನೀರು ಬರುತ್ತೆ. ವರ್ಷಾನುಗಟ್ಟಲೆ ನಿಧಾನವಾಗಿ ಬರೋ ಕಾಯಿಲೆ ಅದು. ಮೇಡಂ ಮನೇದು ಮಂಗಳವಾರ ಚೆನ್ನಾಗಿತ್ತು, ಬುಧವಾರ ನಿಂತಿತು.

ಕಪ್ಪು ನೀರು | ಶನಿವಾರ, ಸಂಜೆ 5.40

ವಾಲ್ವ್ ಬಿಚ್ಚಿದಾಗ ಏನು ಬಣ್ಣದ ನೀರು ಬಂತು ಅಂತ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಎರಡು ಸ್ವೆಟರ್ | ಸೋಮವಾರ, ಮಧ್ಯಾಹ್ನ 3.30

ಮೊದಲು ಬಂದವರಿಗೆ ಬೇಡ ಅಂದೆ. ಸ್ವಲ್ಪ ಕೋಪ ಮಾಡ್ಕೊಂಡ್ರು. ಲೈಸೆನ್ಸ್ ಇರೋ ಇನ್ನೊಬ್ಬರನ್ನ ಕರೆಸಿ, ಮಗಳು ಬರೆದ ಚೀಟೀನ ಕೈಗೆ ಕೊಟ್ಟೆ. ಓದಿ, "ಯಾರು ಬರೆದಿದ್ದು?" ಅಂದ್ರು. ಬೇರೇನೂ ಕೇಳಲಿಲ್ಲ, ಸೀದಾ ಮುಚ್ಚಳ ತೆಗೆದ್ರು.

ಒಂದು ಕಪ್ಪು ಪ್ಲಾಸ್ಟಿಕ್ ಮೋಟಾರ್, ಬೆಂಡಾದ ತಂತಿಯ ಕ್ಲಿಪ್ ಒಂದರಿಂದ ಹಿಡಿದಿತ್ತು. ಕ್ಲಿಪ್ ಎಳೆದು ಮೋಟಾರ್ ಕೈಗೆ ತಗೊಂಡು, ನನಗೆ ನಲ್ಲಿ ಬಿಡಕ್ಕೆ ಹೇಳಿದ್ರು. ಮೋಟಾರ್‌ನ ಮೂತಿ ಗರ್ರ್ ಅಂತ ಒಳಗೆ ಹೋಯ್ತು. ನಲ್ಲಿ ನಿಲ್ಲಿಸಿದೆ, ಹೊರಗೆ ಬಂತು. "ನೋಡಿ, ಬೋರ್ಡು ಹೇಳ್ತಿದೆ, ಮೋಟಾರು ಕೇಳ್ತಿದೆ" ಅಂದ್ರು. ಮೀಟರ್ ಕೂಡ ಬೇಕಾಗ್ಲಿಲ್ಲ! ಆಮೇಲೆ ವಾಲ್ವ್ ಮೇಲೆ ಕಾಣೋ ಹಿತ್ತಾಳೆ ಕಡ್ಡೀನ ಹೆಬ್ಬೆರಳಲ್ಲಿ ಒತ್ತಿ ತೋರಿಸಿದ್ರು. ಪೆನ್ನಿನ ಬಟನ್ ಥರ ಒತ್ತಿ ಬಿಟ್ರೆ ಪುಟಿದು ವಾಪಸ್ ಬರಬೇಕಂತೆ. ಇದು ಅಲ್ಲಾಡಲೇ ಇಲ್ಲ.

ಕೆಳಗಿನ ವಾಲ್ವ್‌ಗಳನ್ನ ಮುಚ್ಚಿ ಬಾಯ್ಲರ್ ಒಳಗಿನ ನೀರು ಮಾತ್ರ ಇಳಿಸಿ, ವಾಲ್ವ್ ಒಳಗಿನ, ಆ ಕಡ್ಡಿ ಇರೋ ಕಾರ್ಟ್ರಿಡ್ಜ್ ಎಳೆದ್ರು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ರಬ್ಬರ್ ರಿಂಗ್ ಸುತ್ತ ಕಾಡಿಗೆ ಥರ ಕಪ್ಪು ಲೇಪ. ಕಪ್ಪು ನೀರು ಅವರೇ, ಬಕೆಟ್‌ಗೆ ಬಿದ್ದ ನೀರು ನಿಮ್ಮ ಹೆಸರೇ. ಹೊಸ ಕಾರ್ಟ್ರಿಡ್ಜ್ ಹಾಕಿ, ನೀರು ತುಂಬಿಸಿ 1.4ಕ್ಕೆ ತಂದ್ರು. ಹೀಟಿಂಗ್ ಆನ್ ಮಾಡಿದಾಗ ನಂಬರ್ 20ರಿಂದ ಏರಿದ್ದು ಎಷ್ಟು ನಿಧಾನ ಅಂದ್ರೆ, ಮಗಳು "ಅಮ್ಮ, ಕೆಟ್ಟುಹೋಯ್ತು ಮತ್ತೆ" ಅಂದ್ಲು. ಐದು ನಿಮಿಷಕ್ಕೆ ದಪ್ಪ ಪೈಪ್ ಮುಟ್ಟಕ್ಕಾಗ್ಲಿಲ್ಲ. ಒಟ್ಟು ಖರ್ಚು ಆ ಬೋರ್ಡಿನ ಕಾಲುಭಾಗವೂ ಇಲ್ಲ.

ಆರು ರೇಡಿಯೇಟರ್ ಕಾದಿವೆ. ಮಗಳ ರೂಮಿಂದು ಮಾತ್ರ ಇನ್ನೂ ತಣ್ಣಗೆ. ಅವರು ಹೋದ ಮೇಲೆ ಗೊತ್ತಾಯ್ತು.

ಕಪ್ಪು ನೀರು | ಸೋಮವಾರ, ಸಂಜೆ 4.00

ಹೇಳಿದ್ನಲ್ಲ. ವಾಪಸ್ ಬರೋ ಪೈಪ್‌ಗೆ ಆಯಸ್ಕಾಂತದ ಫಿಲ್ಟರ್ ಹಾಕಿಸಿ, ಚಳಿ ಕಳೆದ ಮೇಲೆ ಫ್ಲಷ್ ಮಾಡಿಸಿ ತುಕ್ಕು ತಡೆಯೋ ದ್ರಾವಣ ಸೇರಿಸಿ. ಇಲ್ಲಾಂದ್ರೆ ಹೊಸ ಕಾರ್ಟ್ರಿಡ್ಜ್ ಕೂಡ ಅದೇ ಕಾಡಿಗೆ ಹಚ್ಕೊಳ್ಳುತ್ತೆ.

ಹಳೇ ಪಾನಾ | ಸೋಮವಾರ, ಸಂಜೆ 4.15

ಈ ಸಲ ಕ್ರಮ ಸರಿ ಇದೆ, ನನ್ನದೂ ಒಂದು ಸಹಿ.

ಮೇಡಂ, ಮಗಳ ರೂಮಿನ ರೇಡಿಯೇಟರ್ ಪಕ್ಕ 1ರಿಂದ 5 ನಂಬರ್ ಇರೋ ಬಿಳಿ ತಲೆ ಇದೆಯಾ? ಅದನ್ನ 5ಕ್ಕೆ ತಿರುಗಿಸಿ, ಕೆಳಗಿನ ಉಂಗುರ ಸಡಿಲಿಸಿ ತಲೆ ತೆಗೀರಿ, ನೀರು ಬರಲ್ಲ. ಒಳಗೆ ಸಣ್ಣ ಪಿನ್ ಇರುತ್ತೆ. ಸ್ಪ್ಯಾನರ್ ಹಿಡಿಯಲ್ಲಿ ಮೆಲ್ಲಗೆ ಒತ್ತಿ ಬಿಡಿ. ಎರಡು ಮೂರು ಮಿಲಿಮೀಟರ್ ಪುಟಿಯಬೇಕು. ಬೇಸಿಗೆ ಪೂರ್ತಿ ಮುಚ್ಚಿಟ್ಟಿದ್ರೆ ಅಲ್ಲೇ ಹಿಡಿದಿರುತ್ತೆ. ಇಕ್ಕಳದಲ್ಲಿ ಕಚ್ಚಿ ಎಳೀಬೇಡಿ, ಪಿನ್ ಕಿತ್ತು ಬಂದ್ರೆ ರೂಮ್ ತುಂಬ ನೀರು. ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಮತ್ತೆ ಒತ್ತಿ.

ಎರಡು ಸ್ವೆಟರ್ | ಸೋಮವಾರ, ಸಂಜೆ 5.05

ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಪುಟಕ್ ಅಂತ ಮೇಲೆ ಬಂತು. ರೇಡಿಯೇಟರ್ ಒಳಗೆ ನೀರು ಹರಿಯೋ ಸದ್ದು ಕೇಳಿ ಮಗಳು ಕಿವಿ ಹಚ್ಚಿ ಕೂತಿದ್ದಾಳೆ.

ಹಳೇ ಪಾನಾ | ಸೋಮವಾರ, ಸಂಜೆ 5.10

ಒಂದು ವಾರ ದಿನಾ ಬೆಳಿಗ್ಗೆ ತಣ್ಣಗಿರುವಾಗ ಪ್ರೆಶರ್ ಮುಳ್ಳು ನೋಡಿ ಇಲ್ಲಿ ಹಾಕಿ. ಬಿಚ್ಚಿದ ಜಾಗದಲ್ಲಿ ಸೋರಿಕೆ ಇದ್ರೆ ಮೊದಲು ಅದೇ ಹೇಳುತ್ತೆ.

ಸಿಲಿಂಡರ್ ಮನಿ | ಮಂಗಳವಾರ, ರಾತ್ರಿ 8.00

ನಮ್ಮ ಕೆಲಸಾನೂ ಮುಗೀತ್ರಿ. ವಾಲ್ವಿನ ಮೋಟಾರ್ ಅಷ್ಟ ಸುಟ್ಟಿತ್ತು, ನೀರು ಹನಿ ಸೈತ ಚೆಲ್ಲಲಿಲ್ಲ. ಲಿವರ್ ಈಗ ಸಡ್ಲ ಐತಿ.

ಎರಡು ಸ್ವೆಟರ್ | ಮುಂದಿನ ಸೋಮವಾರ, ಬೆಳಿಗ್ಗೆ 7.20

1.4, 1.4, 1.4, 1.35, 1.4, 1.4, 1.4. ಶುಕ್ರವಾರದ 1.35 ಮಗಳು ಪಕ್ಕದಿಂದ ನೋಡಿ ಬರೆದಿದ್ದು.